ಹಾಡಿಲ್ಲದ ಹದಿನಾರು ಗಂಟೆ

ನಾನು ಅರೆಕಾಲಿಕವಾಗಿ ದುಡಿಯುವ ಚಿಕ್ಕ ಬಾನುಲಿ ನಿಲಯವೊಂದರಲ್ಲಿ, ಬೆಳಗಿನ 6 ಗಂಟೆಯಿಂದ ರಾತ್ರಿ 10 ಗಂಟೆಯವರೆಗೆ ಒಂದೂ ಹಾಡಿಲ್ಲದೆ ಬರಿಯ ಮಾತಿನ ಕಾರ್ಯಕ್ರಮಗಳನ್ನೇ ಪ್ರಸಾರ ಮಾಡುವ ಒಂದು ದಿನ ಇರಲಿ ಎಂದು ತೀರ್ಮಾನವಾಯಿತು. ಆ ದಿನದ ಪಟ್ಟಿಯನ್ನು ಸಿದ್ಧಪಡಿಸಿ, ಧ್ವನಿಮುದ್ರಣಗಳನ್ನು ಮಾಡಿಸಿ, ಕೊನೆಯ ಪ್ರಕಟಣೆಯವರೆಗೆ ನಡೆಸಿಕೊಡುವ ಹೊಣೆ ನನ್ನ ಪಾಲಿಗೆ ಬಂತು. ಸಿದ್ಧತೆಗೆ ಏಳು ವಾರಗಳಿದ್ದವು. ಹದಿನಾರು ಗಂಟೆ ಎಂದರೆ 960 ನಿಮಿಷ. ಮಾತನಾಡಲು ಬಾರದವರು ಯಾರಿದ್ದಾರೆ ಎಂಬ ಧೈರ್ಯದಲ್ಲಿ ಒಪ್ಪಿಕೊಂಡೆ. ಹಾಡು ನಮ್ಮ ಕೆಲಸದಲ್ಲಿ ಏನೇನನ್ನು ಮುಚ್ಚಿಡುತ್ತಿತ್ತು ಎಂಬುದು ಹಾಡನ್ನು ತೆಗೆದ ಮೇಲೆಯೇ ನನಗೆ ತಿಳಿಯಿತು.

ಬಾನುಲಿಯಲ್ಲಿ ಹಾಡು ಕೇಳುಗರಿಗೆ ಮನರಂಜನೆಯಾದರೆ, ಸ್ಟುಡಿಯೋದೊಳಗೆ ಕುಳಿತವರಿಗೆ ಅದು ಆಪದ್ಬಾಂಧವ. ಭಾಷಣ ಎರಡು ನಿಮಿಷ ಮೊದಲೇ ಮುಗಿದರೆ ಹಾಡು, ಅತಿಥಿ ತಡವಾಗಿ ಬಂದರೆ ಹಾಡು, ಉದ್ಘೋಷಕರಿಗೆ ಕೆಮ್ಮು ಹತ್ತಿದರೆ ಹಾಡು, ದುಃಖದ ಕಾರ್ಯಕ್ರಮದಿಂದ ನಗೆಯ ಕಾರ್ಯಕ್ರಮಕ್ಕೆ ದಾಟಬೇಕಾದರೂ ನಡುವೆ ಒಂದು ಹಾಡು. ಮನೆ ಕಟ್ಟುವವರು ಬಿರುಕಿಗೆ ಗಾರೆ ತುಂಬುವಂತೆ ನಾವು ಸಮಯದ ಬಿರುಕುಗಳಿಗೆ ಹಾಡನ್ನು ತುಂಬುತ್ತ ಬಂದಿದ್ದೆವು. ಈಗ ಆ ಗಾರೆ ಇಲ್ಲ. ಕಲ್ಲುಗಳೇ ಒಂದಕ್ಕೊಂದು ಕೂಡಿ ನಿಲ್ಲುವಂತೆ ಕೆತ್ತಬೇಕಿತ್ತು.

ಮೊದಲ ವಾರವೆಲ್ಲ ಲೆಕ್ಕದಲ್ಲೇ ಕಳೆಯಿತು. ಗಂಟೆಗೊಂದರಂತೆ ಐದು ನಿಮಿಷದ 16 ವಾರ್ತಾ ಸಂಚಿಕೆಗಳಿಗೆ 80 ನಿಮಿಷ, ಮಧ್ಯಾಹ್ನದ ಮರುಪ್ರಸಾರಕ್ಕೆ 120 ನಿಮಿಷ. ಉಳಿದ 760 ನಿಮಿಷಗಳಲ್ಲಿ ಭಾಷಣ, ಸಂದರ್ಶನ, ರೂಪಕ, ಒಂದು ನಾಟಕ, ಒಂದು ಚರ್ಚೆ, ಎರಡು ಫೋನ್-ಇನ್, ಮಕ್ಕಳ ರಸಪ್ರಶ್ನೆ, ಕೇಳುಗರ ಪತ್ರಗಳು, ಕಥಾವಾಚನ. ಪ್ರತಿಯೊಂದಕ್ಕೂ ಒಂದು ಚೀಟಿ ಬರೆದು ಉದ್ದನೆಯ ಮೇಜಿನ ಮೇಲೆ ಹರಡಿಕೊಂಡೆವು. ಹದಿನೈದು ನಿಮಿಷದ ಅವಧಿ ಎಂದು ಪಟ್ಟಿಯಲ್ಲಿ ಅಚ್ಚಾದರೂ ಅದರೊಳಗೆ ಧ್ವನಿಮುದ್ರಣಕ್ಕೆ ಸಿಗುವುದು 13 ನಿಮಿಷ 30 ಸೆಕೆಂಡು ಮಾತ್ರ. ಮಿಕ್ಕದ್ದು ಪೀಠಿಕೆಗೆ, ಮುಕ್ತಾಯದ ಪ್ರಕಟಣೆಗೆ, ಮುಂದೆ ಬರಲಿರುವುದರ ಸೂಚನೆಗೆ ಹೋಗುತ್ತದೆ.

ಚೀಟಿಗಳನ್ನು ಜೋಡಿಸುವುದು ವಿಷಯಗಳನ್ನು ಜೋಡಿಸಿದಂತಲ್ಲ ಎಂಬುದು ಎರಡನೆಯ ದಿನವೇ ಗೊತ್ತಾಯಿತು. ಖಗೋಳದ ಭಾಷಣದ ಹಿಂದೆಯೇ ಕೀಟಗಳ ಕುರಿತ ಭಾಷಣ ಇಟ್ಟಿದ್ದೆ. ಎರಡೂ ವಿಜ್ಞಾನ, ಒಂದರ ಬೆನ್ನಿಗೆ ಒಂದು ಬರಲಿ ಎಂಬುದು ನನ್ನ ಎಣಿಕೆ. ನಮ್ಮ ಹಿರಿಯ ತಂತ್ರಜ್ಞರು ಎರಡನ್ನೂ ಸ್ವಲ್ಪ ಸ್ವಲ್ಪ ಕೇಳಿಸಿ, "ಇವರು ಎಲ್ಲಿ ಮುಗಿಸಿದರು, ಅವರು ಎಲ್ಲಿ ಶುರು ಮಾಡಿದರು, ಹೇಳಿ ನೋಡೋಣ" ಎಂದರು. ಇಬ್ಬರದೂ ಒಂದೇ ಬಗೆಯ ತಗ್ಗಿದ ಗಂಡು ದನಿ, ಒಂದೇ ಓಟ. ಅರ್ಧ ಗಮನದಲ್ಲಿ ಕೇಳುವವರಿಗೆ ನಕ್ಷತ್ರಗಳಿಗೇ ರೆಕ್ಕೆ ಬಂದಂತೆ ತೋರುತ್ತಿತ್ತು. ಕಿವಿ ವಿಷಯಕ್ಕಿಂತ ಮೊದಲು ದನಿಯನ್ನು ಹಿಡಿಯುತ್ತದೆ. ಆದ್ದರಿಂದ ಒಂಟಿ ದನಿಯ ಕಾರ್ಯಕ್ರಮದ ಪಕ್ಕದಲ್ಲಿ ಹಲವು ದನಿಗಳದ್ದು, ತಗ್ಗಿದ ದನಿಯ ಪಕ್ಕದಲ್ಲಿ ಏರಿದ್ದು, ಬರೆದು ಓದಿದ್ದರ ಪಕ್ಕದಲ್ಲಿ ಬಾಯಿಗೆ ಬಂದಂತೆ ಆಡಿದ್ದು ಎಂದು ಪಟ್ಟಿಯನ್ನು ಪೂರ್ತಿ ಕಲಸಿ ಹೊಸದಾಗಿ ಕಟ್ಟಿದೆ. ಅಗಲಿದ ಗೆಳತಿಯನ್ನು ನೆನೆಯುವ ಒಂದು ಪ್ರಬಂಧದ ಹಿಂದೆ ಯಾವುದನ್ನಿಟ್ಟರೂ ಹೊಂದಲಿಲ್ಲ. ಕೊನೆಗೆ ಅದನ್ನು ವಾರ್ತೆಗಿಂತ ಮುಂಚೆ ಇಟ್ಟೆವು. ವಾರ್ತೆಗೆ ಯಾವ ಭಾವವೂ ಇಲ್ಲದ ಒಂದು ಶಿಸ್ತಿದೆ, ಅದಕ್ಕಿಂತ ಮೊದಲು ಏನು ಬಂದಿದ್ದರೂ ಅದು ತನ್ನ ಪಾಡಿಗೆ ತಾನು ನಡೆಯುತ್ತದೆ.

ಇನ್ನು ಭಾಷಣಗಳ ವಿಷಯ. ಏಳು ವಾರಗಳಲ್ಲಿ ಮೂರು ಇದಕ್ಕೇ ಹೋದವು.

ಬಂದ ಬರಹಗಳೆಲ್ಲ ಒಳ್ಳೆಯವೇ, ಆದರೆ ಬಹುತೇಕ ಎಲ್ಲವೂ ಕಣ್ಣಿಗಾಗಿ ಬರೆದವು. ನಿವೃತ್ತ ವಿಜ್ಞಾನ ಮೇಷ್ಟ್ರೊಬ್ಬರು ಗುಡುಗು ಮಿಂಚಿನ ಕುರಿತು ಬರೆದುಕೊಟ್ಟಿದ್ದರು. ಅದರ ಮೊದಲ ವಾಕ್ಯ ಹೀಗಿತ್ತು: "ಮೋಡಗಳೊಳಗೆ ಹಿಮಕಣಗಳ ಪರಸ್ಪರ ಘರ್ಷಣೆಯಿಂದ ಉಂಟಾಗುವ ವಿದ್ಯುದಾವೇಶಗಳ ಪ್ರತ್ಯೇಕೀಕರಣದ ಫಲವಾಗಿ ಸಂಭವಿಸುವ ವಿದ್ಯುದ್ವಿಸರ್ಜನೆಯೇ ಮಿಂಚು." ವ್ಯಾಕರಣದಲ್ಲಾಗಲಿ ವಿಜ್ಞಾನದಲ್ಲಾಗಲಿ ತಪ್ಪಿಲ್ಲ. ಆದರೆ ಇದು ಯಾವುದರ ಕುರಿತ ವಾಕ್ಯ ಎಂಬುದು ಕೊನೆಯ ಪದ ಬರುವವರೆಗೆ ತಿಳಿಯುವುದಿಲ್ಲ, ಆ ಪದ ಬರುವ ಹೊತ್ತಿಗೆ ಮೊದಲಿನವು ಕೇಳುಗರ ಕೈಜಾರಿ ಹೋಗಿರುತ್ತವೆ. ಪುಟದ ಮೇಲಾದರೆ ಕಣ್ಣು ಹಿಂದಕ್ಕೆ ಹೋಗಿ ನೋಡಿಕೊಂಡು ಬರುತ್ತದೆ. ಬಾನುಲಿಯಲ್ಲಿ ಹಿಂದಕ್ಕೆ ದಾರಿಯಿಲ್ಲ. ಕ್ರಿಯಾಪದವನ್ನು ಕೊನೆಗೆ ಇಡುವ, ವಿಶೇಷಣಗಳನ್ನೆಲ್ಲ ಮುಂದೆ ಪೇರಿಸುವ ನಮ್ಮ ಭಾಷೆಯಲ್ಲಿ ಈ ತೊಡಕು ಹೆಚ್ಚು. ನಾವಿಬ್ಬರೂ ಕುಳಿತು ಅದನ್ನು ಹೀಗೆ ಮಾಡಿದೆವು: "ಮಿಂಚು ಹುಟ್ಟುವುದು ಮೋಡದ ಹೊಟ್ಟೆಯಲ್ಲಿ. ಅಲ್ಲಿ ಹಿಮದ ಹರಳುಗಳು ಒಂದಕ್ಕೊಂದು ತಾಕುತ್ತಲೇ ಇರುತ್ತವೆ. ತಾಕಿ ತಾಕಿ ವಿದ್ಯುತ್ತು ಎರಡು ಪಾಲಾಗುತ್ತದೆ."

ಮೇಷ್ಟ್ರಿಗೆ ಮೊದಲು ಇದು ಒಪ್ಪಿಗೆಯಾಗಲಿಲ್ಲ. "ಇದು ಮಕ್ಕಳ ಪಾಠದ ಹಾಗಾಯಿತಲ್ಲಮ್ಮ" ಎಂದರು. ನಾನು ವಾದಿಸಲಿಲ್ಲ. ಅವರದೇ ಮೂಲ ವಾಕ್ಯವನ್ನು ಅವರಿಗೆ ಬೆನ್ನು ತಿರುಗಿಸಿ ನಿಂತು ಒಂದು ಸಲ ಓದಿ, ಮಿಂಚಿಗೆ ಕಾರಣವೇನೆಂದು ಕೇಳಿದೆ. ನಕ್ಕರು, ಪೆನ್ನು ತೆಗೆದುಕೊಂಡು ತಾವೇ ಹೊಡೆಯತೊಡಗಿದರು. ಆಮೇಲೆ ಅವರ ಉತ್ಸಾಹ ನನಗಿಂತ ಹೆಚ್ಚಾಯಿತು. "ಮೇಲೆ ಹೇಳಿದಂತೆ" ಎಂಬುದನ್ನು ಅವರೇ ಕಿತ್ತುಹಾಕಿದರು. ಕಿವಿಗೆ ಮೇಲೆ ಕೆಳಗೆ ಎಂಬುದಿಲ್ಲ. ಆವರಣ ಚಿಹ್ನೆಯೊಳಗಿನ ಮಾತೆಲ್ಲ ಹೋಯಿತು, ಏಕೆಂದರೆ ಆವರಣ ಚಿಹ್ನೆಗೆ ದನಿಯಿಲ್ಲ. "ಕ್ರಮವಾಗಿ" ಎಂಬ ಪದ ಮೂರು ಕಡೆ ಇತ್ತು. ಬೆಳಕು ಮತ್ತು ಶಬ್ದಗಳ ವೇಗ ಕ್ರಮವಾಗಿ ಇಷ್ಟು ಮತ್ತು ಇಷ್ಟು ಎಂದರೆ ಕೇಳುಗರು ಎರಡು ಹೆಸರನ್ನೂ ಎರಡು ಸಂಖ್ಯೆಯನ್ನೂ ಕೈಯಲ್ಲಿ ಹಿಡಿದು ತಾವೇ ಗಂಟು ಹಾಕಿಕೊಳ್ಳಬೇಕು. ಅದರ ಬದಲು, ಮಿಂಚು ಕಂಡ ಕೂಡಲೇ ಎಣಿಸಲು ತೊಡಗಿ, ಗುಡುಗು ಕೇಳಿದಾಗ ನಿಲ್ಲಿಸಿ, ಬಂದ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ಮಿಂಚು ಸುಮಾರು ಎಷ್ಟು ಕಿಲೋಮೀಟರ್ ದೂರದಲ್ಲಿತ್ತೆಂದು ಸಿಗುತ್ತದೆ ಎಂದು ಬರೆದರು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ ಎಂಬ ಮಾತು ಅದರೊಳಗೇ ಅಡಗಿ ಕುಳಿತಿತು. ಮಿಂಚಿನ ದಾರಿಯಲ್ಲಿ ಗಾಳಿ ಕಾಯುವ ಡಿಗ್ರಿಗಳ ದೊಡ್ಡ ಸಂಖ್ಯೆಯ ಜಾಗಕ್ಕೆ "ಸೂರ್ಯನ ಮೇಲ್ಮೈಗಿಂತ ಐದು ಪಟ್ಟು ಬಿಸಿ" ಬಂತು. ಮಧ್ಯಮ ತರಂಗದ ರೇಡಿಯೋ ಕೇಳುವಾಗ ದೂರದಲ್ಲಿ ಮಿಂಚಿದರೆ ಗುಡುಗಿಗಿಂತ ಮೊದಲೇ ಪೆಟ್ಟಿಗೆಯೊಳಗಿಂದ ಚಟಚಟ ಸದ್ದು ಬರುತ್ತದೆಯಲ್ಲ, ಆ ಮಾತನ್ನೂ ಅವರೇ ಸೇರಿಸಿದರು. ನನಗೆ ಇಡೀ ಭಾಷಣದಲ್ಲಿ ಹೆಚ್ಚು ಹಿಡಿಸಿದ್ದು ಅದೇ.

ಕಿವಿಗಾಗಿ ಬರೆಯುವ ಈ ಕಷ್ಟ ಬಾನುಲಿಯಷ್ಟೇ ಹಳೆಯದು. ಬಿಬಿಸಿಯ ಭಾಷಣ ವಿಭಾಗಕ್ಕೆ 1927ರಲ್ಲಿ ಮೊದಲ ನಿರ್ದೇಶಕಿಯಾದ ಹಿಲ್ಡಾ ಮ್ಯಾಥೆಸನ್, ಮೈಕಿನ ಮುಂದೆ ಸಭೆಯ ಭಾಷಣ ಮಾಡುವುದೂ ಪ್ರಬಂಧ ಓದುವುದೂ ನಡೆಯದು, ಅತ್ತ ಕಡೆ ಒಬ್ಬರೇ ಕುಳಿತು ಕೇಳುತ್ತಾರೆ, ಅವರೊಡನೆ ಆಡುವಂತೆ ಆಡಬೇಕು ಎಂದು ದೊಡ್ಡ ದೊಡ್ಡ ವಿದ್ವಾಂಸರನ್ನೂ ಕೂರಿಸಿ ತಿದ್ದಿಸಿದವರು. ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ 1933ರ ಮಾರ್ಚ್ 12ರಂದು ಬಾನುಲಿಯಲ್ಲಿ ಮಾಡಿದ ಮೊದಲ 'ಅಗ್ಗಿಷ್ಟಿಕೆಯ ಮಾತುಕತೆ'ಯ ವಿಷಯ ಬ್ಯಾಂಕುಗಳ ಬಿಕ್ಕಟ್ಟು. ಅಷ್ಟು ಒಣ ವಿಷಯವನ್ನು ಅವರು, ಬ್ಯಾಂಕಿನಲ್ಲಿ ನೀವು ಇಟ್ಟ ಹಣ ಏನಾಗುತ್ತದೆ ಎಂಬಲ್ಲಿಂದ ಬಿಡಿಸಿ ಹೇಳಿದ್ದರು. ನಾನು ಈ ಎರಡು ಸಂಗತಿಗಳನ್ನು ಭಾಷಣಕಾರರಿಗೆಲ್ಲ ಹೇಳುತ್ತಿದ್ದೆ. ಇಲ್ಲಿ ಇಷ್ಟುದ್ದದ ವಾಕ್ಯಗಳನ್ನು ಬರೆಯುತ್ತ ಅಲ್ಲಿ ಅವರ ವಾಕ್ಯಗಳನ್ನು ಕತ್ತರಿಸಿದ್ದು ಈಗ ನೆನೆದರೆ ತುಸು ಸಂಕೋಚವಾಗುತ್ತದೆ, ಆದರೆ ಇದು ಓದುವುದಕ್ಕೆ ತಾನೆ.

ಬರಹ ಸರಿಯಾದ ಮೇಲೂ ಅಳತೆ ಸರಿಯಾಗಲಿಲ್ಲ. ಮನೆಯಲ್ಲಿ ಓದಿಸಿ ಗಡಿಯಾರ ಹಿಡಿದಾಗ ಮೇಷ್ಟ್ರು ನಿಮಿಷಕ್ಕೆ 92 ಪದ ಓದಿದ್ದರು. ಆ ಲೆಕ್ಕದಲ್ಲಿ 1,240 ಪದಗಳಿಗೆ ನಿಲ್ಲಿಸಿದ್ದೆವು. ಸ್ಟುಡಿಯೋದಲ್ಲಿ ಕೆಂಪು ದೀಪ ಹತ್ತಿದ ಕೂಡಲೇ ಅವರು ಯಾರೋ ಅಟ್ಟಿಸಿಕೊಂಡು ಬಂದಂತೆ ಓದಿ 10 ನಿಮಿಷ 50 ಸೆಕೆಂಡಿಗೆ ಮುಗಿಸಿಬಿಟ್ಟರು. ಮಾಮೂಲಿನ ದಿನವಾಗಿದ್ದರೆ ನಾನು ಒಂದೂ ಮಾತಾಡದೆ ಹಿಂದೆ ಒಂದು ಹಾಡಿನ ಪಲ್ಲವಿ ಇಟ್ಟು ಸುಮ್ಮನಾಗುತ್ತಿದ್ದೆ. ಆ ದಿನ ಹಾಗೆ ಮಾಡುವಂತಿರಲಿಲ್ಲ. ನಿಧಾನವಾಗಿ ಓದಿ ಎಂದು ಹೇಳಿದರೆ ಪದಗಳ ನಡುವೆ ಅಂತರ ಬರುತ್ತದೆಯೇ ಹೊರತು ಮಾತು ನಿಧಾನವಾಗುವುದಿಲ್ಲ. ಕೊನೆಗೆ ನಾನೇ ಒಳಗೆ ಹೋಗಿ ಅವರೆದುರು ಕುರ್ಚಿ ಹಾಕಿಕೊಂಡು ಕುಳಿತೆ, ಅರ್ಥವಾದಾಗ ತಲೆದೂಗಿದೆ, ಆಗದಿದ್ದಾಗ ಸುಮ್ಮನೆ ನೋಡಿದೆ. ಈ ಬಾರಿ 13 ನಿಮಿಷ 20 ಸೆಕೆಂಡು ಬಂತು. ಮಿಕ್ಕ ಭಾಷಣಕಾರರಿಗೂ ಇದನ್ನೇ ಮಾಡಿದೆವು. ಕೇಳುವವರು ಸಿಗದ ಒಂದು ದಿನ ಕಾವಲುಗಾರರನ್ನು ಕೂರಿಸಿದೆವು, ಅವರು ನನಗಿಂತ ಚೆನ್ನಾಗಿ ಕೇಳಿಸಿಕೊಂಡರು.

ಮೈಕಿನ ಪಾಠ ಚಿಕ್ಕದು. ಬಾಯಿಗೂ ಮೈಕಿಗೂ ಒಂದು ಗೇಣು ಅಂತರವಿರಬೇಕು. ಅದಕ್ಕಿಂತ ಹತ್ತಿರ ಹೋದರೆ ನಾವು ಬಳಸುವ ಬಗೆಯ ಮೈಕು ತಗ್ಗಿನ ಸ್ವರಗಳನ್ನು ಉಬ್ಬಿಸಿ ದನಿಗೆ ಇಲ್ಲದ ಗಾಂಭೀರ್ಯ ತರುತ್ತದೆ, ದೂರ ಸರಿದರೆ ಕೋಣೆಯ ಗೋಡೆಗಳೂ ಮಾತನಾಡತೊಡಗುತ್ತವೆ. ಪಕಾರ ಫಕಾರಗಳಲ್ಲಿ ಬಾಯಿಂದ ಹೊರಡುವ ಗಾಳಿ ನೇರ ಮೈಕಿಗೆ ಬಡಿದರೆ 'ಧಬ್' ಎಂಬ ಸದ್ದಾಗುತ್ತದೆ. ತುಟಿಯ ಮುಂದೆ ತೆಳು ಕಾಗದ ಹಿಡಿದು 'ಪಾಪ' ಎನ್ನಿಸಿದರೆ ಕಾಗದ ಹಾರುವುದನ್ನು ನೋಡಿ ಯಾರಿಗಾದರೂ ಅರ್ಥವಾಗುತ್ತದೆ. ಮೈಕನ್ನು ಕೊಂಚ ಓರೆಯಾಗಿಟ್ಟರೆ ಗಾಳಿ ಪಕ್ಕದಲ್ಲಿ ಹಾದುಹೋಗುತ್ತದೆ. ಹಾಳೆಗಳಿಗೆ ಪಿನ್ನು ಹಾಕಬಾರದು, ಒಂದೇ ಬದಿಯಲ್ಲಿ ಬರೆದಿರಬೇಕು, ಓದಿದ ಹಾಳೆಯನ್ನು ಸದ್ದಿಲ್ಲದೆ ಪಕ್ಕಕ್ಕೆ ಜಾರಿಸಬೇಕು, ಬಳೆ ತೆಗೆದಿಡಬೇಕು. ಇಷ್ಟೇ.

ಸಂಕಲನದಲ್ಲಿ ಮಾತ್ರ ನಾನು ಒಂದು ದೊಡ್ಡ ತಪ್ಪು ಮಾಡಿದೆ. ಕೈಯಿಂದ ತಂತಿ ಸಿಕ್ಕಿಸಿ ಕರೆಗಳನ್ನು ಜೋಡಿಸುತ್ತಿದ್ದ ಕಾಲದಲ್ಲಿ ದೂರವಾಣಿ ಕೇಂದ್ರದಲ್ಲಿ ಆಪರೇಟರ್ ಆಗಿದ್ದ ಹಿರಿಯ ಮಹಿಳೆಯೊಬ್ಬರನ್ನು ಸಂದರ್ಶಿಸಿದ್ದೆ. ರಾತ್ರಿ ಪಾಳಿ, ಟ್ರಂಕ್ ಕರೆಗಾಗಿ ಗಂಟೆಗಟ್ಟಲೆ ಕಾಯುವವರು, ತಾವು ಜೋಡಿಸಿಕೊಟ್ಟ ತಂತಿಯಲ್ಲಿ ಸಾವಿನ ಸುದ್ದಿ ಹೋಗುತ್ತದೆಂದು ಮೊದಲೇ ಗೊತ್ತಿದ್ದರೂ "ಮಾತಾಡಿ" ಎಂದಷ್ಟೇ ಹೇಳಬೇಕಾದ ಸಂದರ್ಭಗಳು. ಒಂದೂಕಾಲು ಗಂಟೆಯ ಧ್ವನಿಮುದ್ರಣವನ್ನು 26 ನಿಮಿಷಕ್ಕೆ ಇಳಿಸಬೇಕಿತ್ತು. ಪರದೆಯ ಮೇಲೆ ಮಾತು ಏರಿಳಿತದ ಗೆರೆಯಾಗಿ ಕಾಣುತ್ತದೆ, ಮೌನ ಚಪ್ಪಟೆಯಾಗಿ ಕಾಣುತ್ತದೆ. ಚಪ್ಪಟೆಯಾಗಿದ್ದುದನ್ನೆಲ್ಲ ಕತ್ತರಿಸಿದೆ, "ಅಂದರೆ", "ಏನಪ್ಪಾ ಅಂದ್ರೆ" ಎಂಬವನ್ನೂ, ಉಸಿರೆಳೆದುಕೊಳ್ಳುವುದನ್ನೂ ತೆಗೆದೆ. ಒಂದೂ ಅರ್ಥಪೂರ್ಣ ವಾಕ್ಯವನ್ನು ಬಿಡದೆ ಅಚ್ಚುಕಟ್ಟಾಗಿ 26 ನಿಮಿಷಕ್ಕೆ ತಂದ ಹೆಮ್ಮೆಯಿಂದ ಅವರಿಗೆ ಕೇಳಿಸಿದೆ.

ಅವರು ಪೂರ್ತಿ ಕೇಳಿದರು. "ಎಲ್ಲ ನಾನು ಹೇಳಿದ್ದೇ ಇದೆ. ಆದರೆ ನಾನು ಯೋಚನೆ ಮಾಡಿದ್ದೆಲ್ಲ ಎಲ್ಲಿ ಹೋಯಿತಮ್ಮಾ?" ಎಂದರು.

ಮತ್ತೆ ಕೇಳಿಸಿಕೊಂಡಾಗ ನನಗೇ ಗಾಬರಿಯಾಯಿತು. ಸಾವಿನ ಕರೆಯ ಪ್ರಸಂಗವನ್ನು ಅವರು ಪಾಠ ಒಪ್ಪಿಸಿದಂತೆ ಹೇಳುತ್ತಿದ್ದರು. ನೆನಪು ಮಾಡಿಕೊಳ್ಳಲು ಅವರು ತೆಗೆದುಕೊಂಡಿದ್ದ ಐದಾರು ಸೆಕೆಂಡು, ಹೇಳಲೋ ಬೇಡವೋ ಎಂಬ ಹಿಂಜರಿಕೆ, ವಾಕ್ಯ ತೊಡಗಿ ನಿಲ್ಲಿಸಿ ಬೇರೆ ದಾರಿಯಲ್ಲಿ ಬಂದದ್ದು, ಎಲ್ಲವನ್ನೂ ನಾನು ಕಸವೆಂದು ಗುಡಿಸಿಹಾಕಿದ್ದೆ. ನಿರ್ಭಾವದ, ಲೆಕ್ಕಾಚಾರದ ಹೆಂಗಸೊಬ್ಬರು ಅಲ್ಲಿ ಹುಟ್ಟಿಕೊಂಡಿದ್ದರು. ಮೂಲ ಪ್ರತಿಯನ್ನು ಅಳಿಸಿರಲಿಲ್ಲ ಎಂಬುದೊಂದೇ ಸಮಾಧಾನ. ಮೂರು ಪ್ರಸಂಗಗಳನ್ನು ಪೂರ್ತಿ ಕೈಬಿಟ್ಟು, ಉಳಿದವನ್ನು ಅವುಗಳ ಉಸಿರಿನೊಡನೆ ಹಾಗೆಯೇ ಇಟ್ಟೆ. ಕತ್ತರಿಸಿದ ಕಡೆ ಬೆಸುಗೆ ಕಾಣದಂತೆ ಮಾಡಲು ಅದೇ ಕೋಣೆಯ ಖಾಲಿ ಸದ್ದು ಬೇಕಾಗುತ್ತದೆ. ಯಾರೂ ಮಾತನಾಡದಿದ್ದರೂ ಪ್ರತಿ ಕೋಣೆಗೂ ತನ್ನದೇ ಆದ ಒಂದು ಗುಂಯ್‌ಗುಡುವಿಕೆ ಇರುತ್ತದೆ, ಅದು ಒಂದು ಕ್ಷಣ ತಪ್ಪಿದರೂ ಕಿವಿಗೆ ಹಳ್ಳ ಸಿಕ್ಕಂತಾಗುತ್ತದೆ. ಸಂದರ್ಶನ ಮುಗಿದ ಮೇಲೆ ಅರ್ಧ ನಿಮಿಷ ಸುಮ್ಮನೆ ಕುಳಿತು ಅದನ್ನು ಮುದ್ರಿಸಿಕೊಳ್ಳುವ ಅಭ್ಯಾಸ ನಮ್ಮಲ್ಲಿದೆ. ಆ ಅರ್ಧ ನಿಮಿಷ ಈ ಬಾರಿ ಚೆನ್ನಾಗಿ ದುಡಿಯಿತು.

ನಾಟಕಕ್ಕೆ 45 ನಿಮಿಷ. ಬಾನುಲಿಗೆಂದೇ ಬರೆದ ಮೊದಲ ನಾಟಕಗಳಲ್ಲಿ ಒಂದೆನಿಸಿದ, ರಿಚರ್ಡ್ ಹ್ಯೂಸ್ ಅವರ 'ಡೇಂಜರ್' 1924ರ ಜನವರಿ 15ರಂದು ಬಿಬಿಸಿಯಿಂದ ಪ್ರಸಾರವಾಯಿತು. ಅದು ನಡೆಯುವುದು ದೀಪ ಆರಿಹೋದ ಕಲ್ಲಿದ್ದಲ ಗಣಿಯೊಳಗೆ; ಪಾತ್ರಗಳಿಗೂ ಕೇಳುಗರಿಗೂ ಒಂದೇ ಕತ್ತಲು. ಕೇಳುಗರಿಗೆ ಕಾಣುವುದಿಲ್ಲ ಎಂಬ ಕೊರತೆಯನ್ನೇ ನಾಟಕದ ನೆಲೆಯಾಗಿಸಿದ ಆ ಜಾಣತನ ಈಗಲೂ ಬೆರಗು ಹುಟ್ಟಿಸುತ್ತದೆ. ನಮ್ಮದು ಅಷ್ಟು ಜಾಣ ನಾಟಕವಲ್ಲ. ಎಂಟು ಪಾತ್ರಗಳು, ಎರಡು ಮೈಕು, ಬೆಂಕಿಗೆ ಸೆಲೋಫೇನ್ ಹಾಳೆ ಮುದುರುವುದು, ಹಕ್ಕಿಯ ರೆಕ್ಕೆಗೆ ಚರ್ಮದ ಕೈಗವಸು ಬಡಿಯುವುದು, ಪಾತ್ರ ದೂರ ಹೋಗುವುದೆಂದರೆ ನಟರು ಮೈಕಿಗೆ ಮುಖ ಮಾಡಿಯೇ ಹಿಂದಕ್ಕೆ ಹೆಜ್ಜೆ ಇಡುವುದು.

ಆದರೆ ಅದನ್ನು ಇಟ್ಟ ಜಾಗದಲ್ಲಿ ಒಂದು ಅಪಾಯವಿತ್ತು, ಅದು ನನಗೆ ಹೊಳೆದಿರಲೇ ಇಲ್ಲ. ನಾಟಕ ತೊಡಗುವುದು ಒಂದು ಕಾಲ್ಪನಿಕ ವಾರ್ತಾ ಸಂಚಿಕೆಯಿಂದ. ಅಣೆಕಟ್ಟು ಬಿರುಕು ಬಿಟ್ಟಿದೆ ಎಂಬ ಸುದ್ದಿ, ಅದನ್ನು ಓದಿದವರು ನಮ್ಮ ನಿಜವಾದ ವಾರ್ತಾ ವಾಚಕರೇ, ಮತ್ತು ನಾನು ಅದನ್ನು ಮೂರು ಗಂಟೆಯ ನಿಜವಾದ ವಾರ್ತೆಯ ಬೆನ್ನಿಗೇ ಇಟ್ಟಿದ್ದೆ! 1938ರ ಅಕ್ಟೋಬರ್ 30ರಂದು ಅಮೆರಿಕದ ಸಿಬಿಎಸ್ ಬಾನುಲಿಯಲ್ಲಿ ಆರ್ಸನ್ ವೆಲ್ಸ್ ಮಂಗಳ ಗ್ರಹದವರ ದಾಳಿಯ ನಾಟಕವನ್ನು ವಾರ್ತೆಯ ರೂಪದಲ್ಲಿ ನಡೆಸಿದಾಗ, ಮೊದಲ ಪ್ರಕಟಣೆ ತಪ್ಪಿಸಿಕೊಂಡು ನಡುವೆ ಕೇಳತೊಡಗಿದವರಲ್ಲಿ ಕೆಲವರು ನಿಜವೆಂದೇ ನಂಬಿದ್ದರು. ಆಗಿನ ಪತ್ರಿಕೆಗಳು ಆ ಗಾಬರಿಯನ್ನು ಬಹಳ ಹಿಗ್ಗಿಸಿ ಬರೆದವು ಎಂದು ನಂತರದ ಅಧ್ಯಯನಕಾರರು ಹೇಳುತ್ತಾರೆ. ಆದರೂ ಬಾನುಲಿಯನ್ನು ಯಾರು ಯಾವಾಗ ಹಚ್ಚುತ್ತಾರೆ ಎಂಬುದು ನಮ್ಮ ಕೈಯಲ್ಲಿಲ್ಲ ಎಂಬ ಮಾತು ಸುಳ್ಳಲ್ಲ. ನಾಟಕವನ್ನು ಸ್ವಲ್ಪ ಮುಂದಕ್ಕೆ ತಳ್ಳಿ, ವಾಚಕರ ದನಿ ಬದಲಿಸಿ, ಇದು ನಾಟಕ ಎಂಬ ಪ್ರಕಟಣೆಯನ್ನು ಆರಂಭದಲ್ಲೂ ನಡುವಿನ ದೃಶ್ಯಾಂತರದಲ್ಲೂ ಇಟ್ಟೆವು. ಇದನ್ನು ಗಮನಿಸಿದವರೂ ಅದೇ ಹಿರಿಯ ತಂತ್ರಜ್ಞರು.

ಕೊನೆಯ ವಾರ ಎಲ್ಲ ಧ್ವನಿಮುದ್ರಣಗಳ ಗಟ್ಟಿತನವನ್ನು ಸಮಮಾಡಿದೆವು. ಇದಕ್ಕೆ ಯುರೋಪಿನ ಪ್ರಸಾರ ಒಕ್ಕೂಟ 2010ರಲ್ಲಿ ಹೊರಡಿಸಿದ ಆರ್-128 ಎಂಬ ಶಿಫಾರಸನ್ನು ಅನುಸರಿಸುತ್ತೇವೆ. ಕ್ಷಣದ ಏರಿಕೆಯನ್ನಲ್ಲ, ಇಡೀ ಕಾರ್ಯಕ್ರಮ ಕಿವಿಗೆ ಸರಾಸರಿ ಎಷ್ಟು ಗಟ್ಟಿ ಎಂಬುದನ್ನು ಅಳೆದು, ಗಟ್ಟಿತನದ ಮಾಪಕದಲ್ಲಿ ಮೈನಸ್ 23ಕ್ಕೆ ತರುವ ಕ್ರಮ ಅದು. ಹಾಡುಗಳಿದ್ದಾಗ ಈ ಏರುಪೇರು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮಾತಿನ ಹಿಂದೆ ಮಾತು ಬಂದಾಗ ಮಾತ್ರ ಒಬ್ಬರು ಪಿಸುಗುಟ್ಟಿದಂತೆ, ಇನ್ನೊಬ್ಬರು ಬೈದಂತೆ ಕೇಳುತ್ತದೆ.

ಆ ದಿನ ಬೆಳಗ್ಗೆ 5 ಗಂಟೆಗೇ ಸ್ಟುಡಿಯೋದಲ್ಲಿದ್ದೆವು. ಗಂಟೆ ತುಂಬುವುದನ್ನು ಸಾರುವ ಆರು 'ಪಿಪ್' ಎಂಬ ಕಿರುಸದ್ದುಗಳನ್ನು ಬಿಬಿಸಿ ಬಿತ್ತರಿಸಲು ತೊಡಗಿದ್ದು 1924ರ ಫೆಬ್ರವರಿ 5ರಂದು. ಈಗಿನ ಕ್ರಮದಲ್ಲಿ ಮೊದಲ ಐದು ತಲಾ ಸೆಕೆಂಡಿನ ಹತ್ತನೇ ಒಂದು ಭಾಗ, ಕೊನೆಯದು ಅರ್ಧ ಸೆಕೆಂಡು. ಗಂಟೆ ತುಂಬುವುದು ಆ ಕೊನೆಯದು ಶುರುವಾಗುವ ಕ್ಷಣಕ್ಕೆ. ನಮ್ಮಲ್ಲಿ ಅಂಥದ್ದಿಲ್ಲ, ಗೋಡೆ ಗಡಿಯಾರದ ಕೆಂಪು ಅಂಕಿಗಳಷ್ಟೇ. ಆರು ಗಂಟೆ ಸೊನ್ನೆ ನಿಮಿಷ ಸೊನ್ನೆ ಸೆಕೆಂಡಿಗೆ ಉದ್ಘೋಷಕಿ ಫೇಡರ್ ಏರಿಸಿ ನಮಸ್ಕಾರ ಎಂದರು. ಮೊದಲ ಮೂರು ಗಂಟೆ ಅಂದುಕೊಂಡಂತೆ ನಡೆಯಿತು, ಹೇಳುವಂಥದ್ದೇನಿಲ್ಲ. ಮೇಷ್ಟ್ರ ಭಾಷಣ 7.45ಕ್ಕೆ ಹೋಯಿತು.

ಹತ್ತು ಗಂಟೆಯ ನೇರ ಚರ್ಚೆಯಲ್ಲಿ ನಾಲ್ವರಿದ್ದರು. ಓದುವ ಅಭ್ಯಾಸ ನಿಜವಾಗಿ ಕಡಿಮೆಯಾಗಿದೆಯೇ ಎಂಬುದು ವಿಷಯ. ಹತ್ತು ನಿಮಿಷದಲ್ಲೇ ಯಾರು ಏನು ಹೇಳುತ್ತಿದ್ದಾರೆಂದು ಹೊರಗೆ ಕುಳಿತ ನನಗೆ ತಿಳಿಯದಾಯಿತು. ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಬೀಳುವುದು ಒಂದು ಕಾರಣ. ಇನ್ನೊಂದು ನಮ್ಮ ಸೌಜನ್ಯ. "ಸರ್ ಹೇಳಿದ್ದು ಸರಿ, ಆದರೆ ಸರ್ ಆಗಲೇ ಹೇಳಿದ ಹಾಗೆ" ಎಂದು ಒಬ್ಬರು. ಆ ಕೋಣೆಯಲ್ಲಿ ಮೂವರು ಸರ್, ಒಬ್ಬರು ಮೇಡಂ. ಎದುರಿಗಿದ್ದವರಿಗೆ ಕಣ್ಣಿನ ಸನ್ನೆಯಿಂದ ಯಾವ ಸರ್ ಎಂದು ತಿಳಿಯುತ್ತದೆ, ಕೇಳುಗರಿಗೆ ಕಣ್ಣೆಲ್ಲಿದೆ? ಗಾಜಿನಾಚೆಯಿಂದ ದೊಡ್ಡ ಅಕ್ಷರದಲ್ಲಿ 'ಹೆಸರು ಹೇಳಿ' ಎಂದು ಬರೆದು ಹಿಡಿದೆ. ನಡೆಸಿಕೊಡುತ್ತಿದ್ದವರು ಪ್ರತಿ ಸರದಿಗೂ ಹೆಸರು ಹಿಡಿದು ಕರೆಯತೊಡಗಿದ ಮೇಲೆ ಚರ್ಚೆ ದಾರಿಗೆ ಬಂತು. ಬೀಳುಮಾತುಗಳೂ ತಾವಾಗಿ ಕಡಿಮೆಯಾದವು.

ಮಧ್ಯಾಹ್ನದ ಮರುಪ್ರಸಾರದಲ್ಲಿ ಎಲ್ಲರೂ ಅರ್ಧ ಗಂಟೆ ಕಣ್ಣು ಮುಚ್ಚಿದೆವು. ನಾಟಕ ಸುಸೂತ್ರವಾಗಿ ಹೋಯಿತು, ಅಣೆಕಟ್ಟಿನ ಬಗ್ಗೆ ಯಾರೂ ಫೋನ್ ಮಾಡಲಿಲ್ಲ.

ಐದು ಗಂಟೆಯ ಅತಿಥಿ ಬರಲಿಲ್ಲ. ಜ್ವರವೆಂದು 4.20ಕ್ಕೆ ಸಂದೇಶ ಬಂತು. ಅರ್ಧ ಗಂಟೆಯ ಹಳ್ಳ, ತುಂಬಲು ಹಾಡಿಲ್ಲ. ಪತ್ರಗಳೆಲ್ಲ ಬೆಳಗ್ಗೆಯೇ ಮುಗಿದಿದ್ದವು. ಆಗ ನೆನಪಾದದ್ದು, ನಾನು ಕೈಬಿಟ್ಟಿದ್ದ ಆಪರೇಟರ್ ಅಮ್ಮನವರ ಮೂರು ಪ್ರಸಂಗಗಳು. ಅವರಿಗೆ ಫೋನ್ ಮಾಡಿ ಒಪ್ಪಿಗೆ ಕೇಳಿದಾಗ, "ಹಾಗೇ ಹಾಕು, ಸೋಸಬೇಡ" ಎಂದರು. ಸೋಸಲು ಸಮಯವೂ ಇರಲಿಲ್ಲ. ಆರಂಭ ಮತ್ತು ಕೊನೆ ಮಾತ್ರ ಗುರುತಿಸಿ 27 ನಿಮಿಷವನ್ನು ಇದ್ದ ಹಾಗೆಯೇ ಬಿಟ್ಟೆ. ಹಿಂದೆ ಗೋಡೆ ಗಡಿಯಾರದ ಟಿಕ್ ಟಿಕ್ ಇತ್ತು, ನಡುವೆ ನಾನು ಎರಡು ಸಲ ಪೆದ್ದು ಪ್ರಶ್ನೆ ಕೇಳಿದ್ದು ಇತ್ತು, ಅವರು ಅದಕ್ಕೆ ಉತ್ತರ ಕೊಡದೆ ತಮ್ಮ ಮಾತನ್ನು ಮುಂದುವರಿಸಿದ್ದೂ ಇತ್ತು. ಬೆಳಗಿನ ಅಚ್ಚುಕಟ್ಟಾದ ಭಾಗಕ್ಕಿಂತ ಇದೇ ಚೆನ್ನಾಗಿತ್ತು ಎಂದು ಒಪ್ಪಿಕೊಳ್ಳಬೇಕು.

ಸಂಜೆ 7.30ಕ್ಕೆ ಎರಡನೆಯ ಫೋನ್-ಇನ್, 'ನಾನು ಮರೆಯದ ಒಂದು ದನಿ' ಎಂಬ ವಿಷಯ. ಸಾಮಾನ್ಯ ದೂರವಾಣಿ ತಂತಿ 300ರಿಂದ 3,400 ಹರ್ಟ್ಸ್‌ವರೆಗಿನ ಸ್ವರಗಳನ್ನಷ್ಟೇ ಸಾಗಿಸುತ್ತದೆ. ಸಕಾರದ ಸೀಟಿ ಹೆಚ್ಚಾಗಿ ಅದಕ್ಕಿಂತ ಮೇಲಿರುವುದರಿಂದ ಹೆಸರುಗಳಲ್ಲಿ ಸಕಾರವೂ ಫಕಾರವೂ ಒಂದೇ ರೀತಿ ಕೇಳುತ್ತವೆ. ಅದಕ್ಕಾಗಿ ಹೆಸರನ್ನು ಮೊದಲೇ ಬರೆದುಕೊಳ್ಳುತ್ತೇವೆ. ಕರೆ ಮಾಡಿದವರ ಪಕ್ಕದಲ್ಲೇ ರೇಡಿಯೋ ಹಾಡುತ್ತಿದ್ದರೆ, ಅಂದರೆ ಅಂದಿನ ಮಟ್ಟಿಗೆ ಮಾತಾಡುತ್ತಿದ್ದರೆ, ಅವರದೇ ದನಿ ತಡವಾಗಿ ಅವರಿಗೆ ಕೇಳಿ ತೊದಲುತ್ತಾರೆ. "ದಯವಿಟ್ಟು ರೇಡಿಯೋ ಸದ್ದು ಕಡಿಮೆ ಮಾಡಿ" ಎಂದು ಉದ್ಘೋಷಕಿ ಎಷ್ಟು ಸಲ ಹೇಳಿದರೋ. ನಾಲ್ಕನೆಯ ಕರೆ ಒಬ್ಬ ಗಂಡಸಿನದು. ತಮ್ಮ ಅಕ್ಕ ಬಾಗಿಲಲ್ಲಿ ನಿಂತು ತಮ್ಮನ್ನು ಕೂಗುತ್ತಿದ್ದ ರೀತಿಯನ್ನು ಹೇಳುತ್ತ ಆ ಹೆಸರನ್ನು ಅದೇ ರಾಗದಲ್ಲಿ ಕೂಗಿ ತೋರಿಸಿದರು. ಅಲ್ಲಿಗೆ ಮಾತು ನಿಂತುಹೋಯಿತು.

ನಮ್ಮ ಪ್ರಸಾರ ಯಂತ್ರಕ್ಕೆ ಮೌನ ಪತ್ತೆಹಚ್ಚುವ ಒಂದು ಸಾಧನ ಜೋಡಿಸಿದೆ. ಹದಿನೈದು ಸೆಕೆಂಡು ಸದ್ದಿಲ್ಲದಿದ್ದರೆ ಏನೋ ಕೆಟ್ಟಿದೆ ಎಂದು ತಿಳಿದು ಅದು ತಾನಾಗಿ ಮೀಸಲು ಧ್ವನಿಮುದ್ರಣವನ್ನು ಹಚ್ಚುತ್ತದೆ. ಮೀಸಲಿನಲ್ಲಿ ಇದ್ದದ್ದು ಹಾಡು. ಅದನ್ನು ಬದಲಿಸಲು ನಾವೆಲ್ಲರೂ ಮರೆತಿದ್ದೆವು. ಐದು ಸೆಕೆಂಡು, ಆರು. ತಂತ್ರಜ್ಞರು ನನ್ನ ಕಡೆ ನೋಡಿದರು. ಕರೆಯನ್ನು ಕಡಿದು ಮುಂದಿನದನ್ನು ತೆಗೆದುಕೊಳ್ಳುವಂತೆ ಸನ್ನೆ ಮಾಡಲು ನನ್ನ ಕೈ ಏರಿತ್ತು. ಒಂಬತ್ತು, ಹತ್ತು. ಉದ್ಘೋಷಕಿ ನಮ್ಮಿಬ್ಬರನ್ನೂ ನೋಡುತ್ತಿರಲಿಲ್ಲ, ಮೈಕನ್ನೇ ನೋಡುತ್ತಿದ್ದರು. ಹನ್ನೊಂದನೆಯ ಸೆಕೆಂಡಿಗೆ ಅವರು ಮೆಲ್ಲಗೆ "ಹ್ಞೂಂ" ಎಂದರು. ಕಥೆ ಕೇಳುವವರು ಹೂಂಗುಟ್ಟುವಂತೆ, ಅಷ್ಟೇ. ಯಂತ್ರದ ಎಣಿಕೆ ಸೊನ್ನೆಗೆ ಮರಳಿತು. ಅತ್ತಲಿಂದ ಗಂಟಲು ಸರಿಮಾಡಿಕೊಂಡ ಸದ್ದು ಬಂತು, ಅವರು ಮುಂದುವರಿಸಿದರು.

ಒಂಬತ್ತಕ್ಕೆ ಕಥಾವಾಚನ, 9.50ಕ್ಕೆ ಮರುದಿನದ ಕಾರ್ಯಕ್ರಮಗಳ ವಿವರ. ಹತ್ತು ಗಂಟೆಗೆ ಮೂರು ಸೆಕೆಂಡು ಮೊದಲು ಕೊನೆಯ ನಮಸ್ಕಾರ ಮುಗಿಯಿತು.

ಪ್ರಸಾರದ ದಿನಚರಿ ಪುಸ್ತಕದಲ್ಲಿ ಹತ್ತು ಸೆಕೆಂಡಿಗೆ ಮೀರಿದ ಯಾವ ಮೌನವನ್ನಾದರೂ ದೋಷವೆಂದು ನಮೂದಿಸಿ ಪಕ್ಕದಲ್ಲಿ ಕಾರಣ ಬರೆಯಬೇಕೆಂಬುದು ನಮ್ಮ ನಿಯಮ. ತಂತ್ರಜ್ಞರು ಕನ್ನಡಕ ಹಾಕಿಕೊಂಡು 'ಸಂಜೆ 7.52, ಮೌನ, 11 ಸೆಕೆಂಡು' ಎಂದು ಬರೆದರು. ಕಾರಣದ ಕಾಲಮ್ಮಿನ ಮೇಲೆ ಪೆನ್ನು ಹಿಡಿದು ಕೊಂಚ ಹೊತ್ತು ಕುಳಿತರು. ಆಮೇಲೆ ಅದನ್ನು ಖಾಲಿ ಬಿಟ್ಟು, ಕೆಳಗೆ ಸಹಿ ಹಾಕಿ, ಪುಸ್ತಕವನ್ನು ನನ್ನ ಸಹಿಗಾಗಿ ಈಚೆ ತಳ್ಳಿದರು.